ಕಡಲ ಹದ್ದಿನ ಗೂಡಿನ ಹಾಜರಿ ಪುಸ್ತಕ

ಹಕ್ಕಿಗಳ ಪುಸ್ತಕದ ಲೆಕ್ಕದಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಕಡಲಹಕ್ಕಿಗಳ ಗುಂಪಿಗೆ ಸೇರುವುದಿಲ್ಲ, ಅದು ಬೇಟೆ ಹಕ್ಕಿ. ಆದರೆ ಊಟ ಹೆಚ್ಚಾಗಿ ಕಡಲಿನದೇ: ಮೀನು, ಕಡಲ ಹಾವು. ಗೋವಾದ ವಾಸ್ಕೋದಲ್ಲಿರುವ ನನಗೆ ದೋಣಿ ಹತ್ತದೆ ನೋಡಲು ಸಿಕ್ಕ ಜೋಡಿ ಇದು. ಗೂಡು ಎಲ್ಲಿದೆ ಅಂತ ಮಾತ್ರ ಕೇಳಬೇಡಿ. ಕಾವು ಕೂತಾಗ ಜನ ಹತ್ತಿರ ಹೋದರೆ ಗೂಡನ್ನೇ ಬಿಟ್ಟು ಹೋಗಬಹುದು. ನಾನು ಎದುರು ಗುಡ್ಡದಲ್ಲಿ ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡುವ ದುರ್ಬೀನು) ಇಟ್ಟುಕೊಂಡು ಕೂರುತ್ತೇನೆ.

ಮೊದಲು ಯಾವುದು ಗಂಡು, ಯಾವುದು ಹೆಣ್ಣು ಅಂತ ಗೊತ್ತಾಗಬೇಕು. ಹೆಣ್ಣು ದೊಡ್ಡದು, ಆದರೆ ಒಂದೇ ಇದ್ದಾಗ ಹೇಳೋದು ಕಷ್ಟ. ಕಾವು ಕೂರುವ ಪಾಳಿ ಬದಲಾಗುವಾಗ ಎರಡೂ ಅಕ್ಕಪಕ್ಕ ನಿಲ್ಲುತ್ತವೆ, ಆಗ ತಿಳಿಯಿತು. ಗಂಡಿನ ಎಡ ರೆಕ್ಕೆಯಲ್ಲಿ ಒಂದು ಗರಿ ಮುರಿದಿತ್ತು. ಅದು ಉದುರಿ ಹೊಸದು ಬರುವ ತನಕ ಅದೇ ಗುರುತು.

ಆಮೇಲೆ ಗೆರೆ ಹಾಕಿದ ನೋಟ್‌ಬುಕ್. ಗೂಡಲ್ಲಿ ಯಾರು, ಯಾರು ಬಂದರು, ಏನು ತಂದರು, ಭರತವೋ ಇಳಿತವೋ. ಏನೂ ನಡೆಯದಿದ್ದರೂ ಹತ್ತು ನಿಮಿಷಕ್ಕೊಮ್ಮೆ ಬರೆಯಲೇಬೇಕು. ಇಲ್ಲದಿದ್ದರೆ ಮೀನು ತಂದದ್ದಷ್ಟೇ ದಾಖಲಾಗಿ, ಕೆಲಸವೆಲ್ಲ ಗಂಡಿನದೇ ಅನ್ನಿಸುತ್ತದೆ. ಜೆಟ್ಟಿಯಲ್ಲಿ ಕೆಲಸ ಮಾಡುವ ಕೊಪ್ಪಳದ ಹುಡುಗ ಸ್ಕೋಪಿನಲ್ಲಿ ಇಣುಕಿ, "ಸರ, ಗಂಡು ದುಡಿಯಾಕ ಹೋಗೈತಿ, ಹೆಣ್ಣು ಸುಮ್ನ ಕುಂತೈತಿ, ಅಷ್ಟ ಅಲ್ರೀ?" ಅಂದ. ಪುಟ ತೋರಿಸಿದೆ. ಉರಿಬಿಸಿಲಿನ ಹೊತ್ತಿನ ಸಾಲುಗಳಲ್ಲೆಲ್ಲ "ಹೆಣ್ಣು, ಹೆಣ್ಣು, ಹೆಣ್ಣು". ಸುಮ್ನೆ ಕೂರೋದೂ ಕೆಲಸವೇ ಅಲ್ವಾ? ಕಾವು ಸುಮಾರು ಆರು ವಾರ. ಗಂಡೂ ಕೂರುತ್ತದೆ, ಆದರೆ ಜಾಸ್ತಿ ಹೊತ್ತು ಅವಳದೇ.

ಪಾಳಿ ಬದಲಾಗುವುದನ್ನು ನೋಡಲೇಬೇಕು. ಗಂಡು ಬಂದು ಗೂಡಿನ ಅಂಚಿಗೆ ಇಳಿಯುತ್ತದೆ. ಹೆಣ್ಣು ಎದ್ದು ಒಂದು ರೆಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿ ಮೈಮುರಿಯುತ್ತದೆ. ಗಂಡು ಮೊಟ್ಟೆಗೆ ತಾಗದಂತೆ ಉಗುರು ಮಡಚಿಕೊಂಡು ಎಡವುತ್ತಾ ನಡೆದು, ಎದೆಯನ್ನು ಅತ್ತಿತ್ತ ಹೊರಳಿಸಿ ಮೆಲ್ಲಗೆ ಕೂರುತ್ತದೆ. ಅಷ್ಟರಲ್ಲಿ ಕಾಗೆ ಬಂದರೆ ಇಬ್ಬರೂ ಸೇರಿ ಕಿರುಚಾಟ.

ನಮ್ಮ ಉತ್ತರಕ್ಕಿರುವ ಕಡಲ ನಡುವಿನ ವೆಂಗುರ್ಲಾ ಬಂಡೆಗಳಲ್ಲಿ ಮರಿ ಮಾಡುವ ಟರ್ನ್ ಎಂಬ ಕಡಲಹಕ್ಕಿಗಳಿಗೆ ಪಾಳಿ ಇನ್ನೂ ಬಿಗಿ. ಬಂಡೆ ಕಾದಿರುತ್ತದೆ. ಒಂದು ಕಡಲಿಗೆ ಹೋದರೆ ಇನ್ನೊಂದು ಮೊಟ್ಟೆ ಬಿಟ್ಟು ಕದಲುವ ಹಾಗಿಲ್ಲ.

ಮರಿ ಹೊರಬಂದ ಮೊದಲ ದಿನಗಳಲ್ಲಿ ಗಂಡು ಮೀನು ತರುತ್ತದೆ, ಹೆಣ್ಣು ಸಣ್ಣ ಸಣ್ಣ ಚೂರು ಕಿತ್ತು ಕೊಡುತ್ತದೆ. ಮರಿ ಬಲಿತಂತೆ ಅವಳೂ ಬೇಟೆಗೆ ಹೊರಡುತ್ತಾಳೆ. ಮೊಟ್ಟೆ ಸಾಮಾನ್ಯವಾಗಿ ಎರಡು, ಆದರೆ ಎರಡೂ ಮರಿ ಉಳಿಯುವುದು ಅಪರೂಪ. ಈ ಜೋಡಿಯದೂ ಒಂದೇ ಉಳಿಯಿತು.

ಮರಿ ಹಾರಲು 70-80 ದಿನ ಬೇಕು. ಕೊನೆಕೊನೆಗೆ "ಗೂಡಲ್ಲಿ ಯಾರು" ಅನ್ನುವ ಕಾಲಮ್‌ಗೆ ಅರ್ಥವೇ ಇರುವುದಿಲ್ಲ, ಇಬ್ಬರೂ ಹೊರಗೇ. ಆಗ ಆ ಕಾಲಮ್‌ಗೆ ಅಡ್ಡಗೆರೆ ಎಳೆದು, ಯಾರು ಏನು ತಂದರು ಅನ್ನುವುದನ್ನಷ್ಟೇ ಬರೆಯುತ್ತೇನೆ.