ಖಾಲಿ ದೋಣಿಯಲ್ಲಿ ಫ್ಯಾನ್ ಪರೀಕ್ಷೆ ಬೇಡ

ಹೊಸ ಫ್ಯಾನ್, ಅಂದರೆ ನೀರೊಳಗೆ ತಿರುಗಿ ದೋಣಿಯನ್ನು ತಳ್ಳುವ ಪ್ರೊಪೆಲ್ಲರ್ ಹಾಕಿ, ಖಾಲಿ ದೋಣಿಯಲ್ಲಿ ಹೊಳೆಯೊಳಗೆ ಒಂದು ಸುತ್ತು ಹೊಡೆದು, "ಏನ್ ಸ್ಪೀಡು ಮಾರಾಯ್ರೆ!" ಎಂದು ಖುಷಿಪಡುವವರನ್ನು ಗಂಗೊಳ್ಳಿ ಕಡೆ ಎಷ್ಟೋ ಸಲ ನೋಡಿದ್ದೇನೆ. ಅದೇ ದೋಣಿ ಬಲೆ, ಐಸು, ನಾಲ್ಕು ಜನರನ್ನು ಹೊತ್ತು ಅಳಿವೆ ದಾಟುವಾಗ ಇಂಜಿನ್ ಏದುಸಿರು ಬಿಡುತ್ತದೆ. ಬೈಗುಳ ಮಾತ್ರ ಇಂಜಿನ್ನಿಗೆ. ತಪ್ಪು ಫ್ಯಾನಿನದು, ಅಂದರೆ ಆರಿಸಿದವರದು.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲೂ 10 ಅಶ್ವಶಕ್ತಿವರೆಗಿನ ನಾಡದೋಣಿಗಳು ಕಡಲಿಗೆ ಇಳಿಯಬಹುದು. ಆಗಲೇ ಅಲೆಯ ಹೊಡೆತವೂ ಜಾಸ್ತಿ. ಹಾಗಾಗಿ 9.9 ಅಶ್ವಶಕ್ತಿಯ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ) ಇಂಜಿನ್ ಇರುವ ದೋಣಿಯನ್ನೇ ಇಟ್ಟುಕೊಂಡು ಹೇಳುತ್ತೇನೆ.

1. ಹಳೆಯ ಫ್ಯಾನಿನ ಮೇಲಿನ ಸಂಖ್ಯೆ ಓದಿ

9¼ x 9 ಎಂಬಂಥ ಎರಡು ಸಂಖ್ಯೆ ಇರುತ್ತವೆ. ಎರಡೂ ಇಂಚಿನ ಲೆಕ್ಕ. ಮೊದಲನೆಯದು ಫ್ಯಾನಿನ ಅಗಲ. ಅದರ ತಂಟೆಗೆ ಹೋಗಬೇಡಿ, ಕಂಪನಿ ಹೇಳಿದ್ದೇ ಇರಲಿ. ಎರಡನೆಯದು ಪಿಚ್. ಮರಕ್ಕೆ ಸ್ಕ್ರೂ ತಿರುಗಿಸಿದ ಹಾಗೆ, ಒಂದು ಸುತ್ತಿಗೆ ಫ್ಯಾನ್ ಎಷ್ಟು ಮುಂದೆ ಹೋಗಬೇಕು ಎನ್ನುವ ಅಳತೆ. ನೀರು ಮರದಷ್ಟು ಗಟ್ಟಿಯಲ್ಲ, ಹಾಗಾಗಿ ಅಷ್ಟು ದೂರ ಹೋಗುವುದಿಲ್ಲ ಬಿಡಿ. ಪಿಚ್ ಕಡಿಮೆಯಾದಷ್ಟೂ ಎಳೆಯುವ ಬಲ ಜಾಸ್ತಿ, ಹೆಚ್ಚಾದಷ್ಟೂ ಓಟ ಜಾಸ್ತಿ. ಭಾರದ ದೋಣಿಗೆ ದೊಡ್ಡ ಪಿಚ್ ಹಾಕುವುದೆಂದರೆ ಆಗುಂಬೆ ಘಾಟಿಯನ್ನು ಟಾಪ್ ಗೇರಿನಲ್ಲಿ ಹತ್ತಿದ ಹಾಗೆ.

2. ಇಂಜಿನ್ ಕೂತ ಎತ್ತರ ನೋಡಿ

ಫ್ಯಾನಿನ ಮೇಲಿರುವ ಅಗಲ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಬೇಕು. ಮೇಲಿದ್ದರೆ ಫ್ಯಾನ್ ಗಾಳಿ ಎಳೆದು ಸುಮ್ನೆ ತಿರುಗುತ್ತದೆ.

3. ಆರ್‌ಪಿಎಂ ಅಳೆಯಿರಿ

ಎಲ್ಲರೂ ಕೆಡಿಸುವುದು ಇಲ್ಲೇ. ಮೊಬೈಲಿನಲ್ಲಿ ವೇಗ ನೋಡಿ ಫ್ಯಾನ್ ಆರಿಸಬೇಡಿ. ಇಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಎಂದು ಅದರ ಪುಸ್ತಕದಲ್ಲಿ ಬರೆದಿರುತ್ತದೆ. 4500ರಿಂದ 5500 ಎಂದು ಇದೆ ಅಂದುಕೊಳ್ಳಿ. ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಸುತ್ತುವ ಸಣ್ಣ ಮೀಟರ್ ಸಿಗುತ್ತದೆ, ಅದನ್ನು ಕಟ್ಟಿ. ನಿಮ್ಮ ಇಂಜಿನ್ ಒಂದು ಸುತ್ತಿಗೆ ಎಷ್ಟು ಸಲ ಕಿಡಿ ಕೊಡುತ್ತದೆ ಎಂಬುದಕ್ಕೆ ಸರಿಯಾಗಿ ಮೀಟರನ್ನು ಸೆಟ್ ಮಾಡಬೇಕು. ಇಲ್ಲದಿದ್ದರೆ ಅರ್ಧವನ್ನೋ ದುಪ್ಪಟ್ಟನ್ನೋ ತೋರಿಸುತ್ತದೆ.

ಈಗ ದೋಣಿ ತುಂಬಿ. ಬಲೆ, ಐಸು, ಇಂಧನ, ದಿನಾ ಬರುವಷ್ಟೇ ಜನ. ಮೀನಿನ ಬದಲಿಗೆ ಮರಳಿನ ಚೀಲ ಇಡಿ. ನಾಚಿಕೆ ಬೇಡ.

ಇನ್ನೊಂದು ವಿಷಯ. ಸೀಮೆಎಣ್ಣೆ ಇಂಜಿನ್ ಸ್ಟಾರ್ಟ್ ಆಗುವುದು ಪೆಟ್ರೋಲಿನಲ್ಲಿ. ಅದರಲ್ಲೇ ಅಳೆದರೆ ಆರ್‌ಪಿಎಂ ಚೆನ್ನಾಗಿಯೇ ಕಾಣುತ್ತದೆ, ಸೀಮೆಎಣ್ಣೆಗೆ ತಿರುಗಿಸಿದ ಮೇಲೆ ಬಲ ಇಳಿಯುತ್ತದೆ. ನಾನೂ ಹೀಗೇ ಮೋಸ ಹೋಗಿ ಒಂದು ಫ್ಯಾನ್ ದಂಡ ಮಾಡಿಕೊಂಡವನು. ಇಂಜಿನ್ ಬಿಸಿಯಾಗಿ, ಸೀಮೆಎಣ್ಣೆಯಲ್ಲಿ ಹದವಾಗಿ ಓಡತೊಡಗಿದ ಮೇಲೆಯೇ ಅಳೆಯಿರಿ. ಒಮ್ಮೆ ಗಾಳಿಯ ಎದುರು, ಒಮ್ಮೆ ಗಾಳಿಯ ಜೊತೆ.

4. ಪಿಚ್ ಬದಲಿಸಿ

ಒಂದು ಇಂಚು ಪಿಚ್ ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ತುಂಬಿದ ದೋಣಿಯಲ್ಲಿ 4300 ಮಾತ್ರ ಬರುತ್ತಿದ್ದರೆ ಎರಡು ಇಂಚು ಕಡಿಮೆ ಪಿಚ್ಚಿನ ಫ್ಯಾನ್ ಹಾಕಿ. ಖಾಲಿ ದೋಣಿಯಲ್ಲಿ 5500 ದಾಟಿತೇ? ಥ್ರಾಟಲ್ ಸ್ವಲ್ಪ ಬಿಟ್ಟರಾಯಿತು. ಆದರೆ ಭಾರಕ್ಕೆ ಮುಕ್ಕರಿಯುವ ಇಂಜಿನ್ನಿಗೆ ಅಷ್ಟು ಸುಲಭದ ಮದ್ದಿಲ್ಲ. ಕಾರ್ಬನ್ ಕಟ್ಟುತ್ತದೆ, ಪಿಸ್ಟನ್ ಸವೆಯುತ್ತದೆ. ಎರಡು ಪಿಚ್‌ಗಳ ನಡುವೆ ಅನುಮಾನ ಬಂದರೆ ಚಿಕ್ಕದನ್ನೇ ತಗೊಳ್ಳಿ.

5. ಅಲ್ಯೂಮಿನಿಯಂ ಸಾಕು

ಸ್ಟೀಲ್ ಫ್ಯಾನ್ ಗಟ್ಟಿ ನಿಜ. ಬಂಡೆಗೆ ಬಡಿದಾಗ ಅದು ಬಾಗದೆ ಏಟನ್ನು ಗೇರಿಗೆ ದಾಟಿಸುವ ಅಪಾಯ ಹೆಚ್ಚು. ಅಲ್ಯೂಮಿನಿಯಂ ತಾನೇ ಬಾಗಿ ಗೇರ್ ಉಳಿಸುತ್ತದೆ. ಬಾಗಿದ್ದನ್ನು ಸುತ್ತಿಗೆಯಲ್ಲಿ ಬಡಿದು "ಸರಿ ಆಯ್ತು ಅಣ್ಣ" ಎಂದು ಕೊಡುವವರಿದ್ದಾರೆ. ಫ್ಯಾನಿನ ಒಂದು ಎಲೆ ಒಂಚೂರು ಓರೆಯಾದರೂ ಇಂಜಿನ್ ನಡುಗುತ್ತದೆ. ಅಂಥದ್ದನ್ನು ಗುಜರಿಗೆ ಹಾಕಿ.

ಮಧ್ಯದಲ್ಲಿ ರಬ್ಬರ್ ಇರುವ ಹಳೆಯ ಫ್ಯಾನ್ ಕೊಳ್ಳುವುದಾದರೆ ಒಳಗಿನ ಲೋಹ, ರಬ್ಬರ್, ಹೊರಗಿನ ಲೋಹ ಮೂರಕ್ಕೂ ಸೇರಿಸಿ ಒಂದು ಗೆರೆ ಎಳೆಯಿರಿ. ಭಾರ ಹಾಕಿ ಓಡಿಸಿ ಬಂದು ನೋಡಿದಾಗ ಗೆರೆ ತುಂಡಾಗಿದ್ದರೆ ರಬ್ಬರ್ ಜಾರುತ್ತಿದೆ. ವಾಪಸ್ ಕೊಡಿ.

6. ಜೋಡಿಸಿ

ಮೊದಲು ಪ್ಲಗ್ಗಿನ ವೈರ್ ಕಳಚಿ. ಶಾಫ್ಟಿನ ಹಲ್ಲಿಗೆ ಗ್ರೀಸ್ ಹಚ್ಚಿ, ವಾಷರುಗಳನ್ನು ಬಿಚ್ಚಿದ ಕ್ರಮದಲ್ಲೇ ಹಾಕಿ. ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಮಾತ್ರ ಹೊಸದೇ ಇರಲಿ. ಫ್ಯಾನ್ ಬಿಚ್ಚಿದಾಗ ಶಾಫ್ಟಿಗೆ ಬಲೆಯ ನೂಲು ಸುತ್ತಿದ್ದರೆ ಪೂರ್ತಿ ಕಿತ್ತು ತೆಗೆಯಿರಿ, ಅದು ಆಯಿಲ್ ಸೀಲನ್ನು ಕೊಯ್ಯುತ್ತದೆ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಒಳಗೆ ಹೋಗಿದೆ. ಸೀಲ್ ಬದಲಿಸುವ ತನಕ ದೋಣಿ ಇಳಿಸಬೇಡಿ.