ಸೆನ್ಸರ್ ಹೇಳಿದಾಗಲೇ ಕ್ಯಾಮೆರಾ ಕ್ಲಿಕ್ಕಿಸಬೇಕೆ? ಮೊದಲು ತಂತಿ ನೋಡಿ

ಕನ್ವೇಯರ್ ಮೇಲೆ ಬಾಟಲಿ ಸಾಗುತ್ತಿದೆ, ಅದನ್ನು ಕಂಡು ಸೆನ್ಸರಿನ ದೀಪ ಮಿನುಗುತ್ತಿದೆ, ಆಗಲೇ ಚಿತ್ರ ತೆಗೆಯಬೇಕಾದ ಯುಎಸ್‌ಬಿ ಕೈಗಾರಿಕಾ ಕ್ಯಾಮೆರಾ ಮಾತ್ರ ಗರ ಬಡಿದಂತೆ ಸುಮ್ಮನಿದೆ. ಆಗ ಎಲ್ಲರೂ ಕಂಪ್ಯೂಟರಿನ ಮುಂದೆ ಕುಳಿತು ಸೆಟ್ಟಿಂಗುಗಳನ್ನು ಕೆದಕತೊಡಗುತ್ತಾರೆ. ನಾನು ಕಂಡಂತೆ ತಪ್ಪು ಹೆಚ್ಚಾಗಿ ಇರುವುದು ತಂತಿಯಲ್ಲಿ.

ಮೊದಲು ಸಾಫ್ಟ್‌ವೇರ್ ಟ್ರಿಗರ್, ಅಂದರೆ ‘ಈಗ ಚಿತ್ರ ತೆಗೆ’ ಎಂಬ ಆಜ್ಞೆಯನ್ನು ಕಂಪ್ಯೂಟರಿನಿಂದಲೇ ಕೊಟ್ಟು ನೋಡಿ. ಗುಂಡಿ ಒತ್ತಿದಾಗ ಚಿತ್ರ ಬಂದರೆ ಯುಎಸ್‌ಬಿ ಕೇಬಲ್, ಡ್ರೈವರ್ ಎರಡೂ ಸರಿಯಿವೆ.

ಮುಂದೆ, ಕ್ಯಾಮೆರಾದ ಬೆನ್ನಿನ ಪುಟ್ಟ ದುಂಡು ಕನೆಕ್ಟರ್. ಕೈಪಿಡಿಯ ಪಿನ್ ನಕ್ಷೆಯಲ್ಲಿ ಆಪ್ಟೋ ಇನ್‌ಪುಟ್ (ಸಂಕೇತವನ್ನು ಬೆಳಕಿನ ಮೂಲಕ ಒಳಗೆ ದಾಟಿಸುವ ಪಿನ್) ಯಾವುದು, ನೇರ ಜಿಪಿಐಒ (ಅಂಥ ತಡೆಯಿಲ್ಲದೆ ಒಳಗಿನ ಸರ್ಕ್ಯೂಟಿಗೆ ಸೇರುವ ಪಿನ್) ಯಾವುದು ಎಂದು ಗುರುತಿಸಿ. 3.3 ವೋಲ್ಟಿನ ಜಿಪಿಐಒಗೆ 24 ವೋಲ್ಟ್ ಕೊಟ್ಟರೆ ಅದರ ಕಥೆ ಮುಗಿಯಿತು. ಕ್ಯಾಮೆರಾ ಕೇಬಲ್ಲಿನ ಬಣ್ಣಗಳನ್ನು ನಂಬಬೇಡಿ; ತಯಾರಕರು ಬದಲಾದಂತೆ ಅವೂ ಬದಲಾಗುತ್ತವೆ. ಒಂದೊಂದು ಎಳೆಯನ್ನೂ ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ ಚೀಟಿ ಅಂಟಿಸಿ.

ಜನ ಮುಗ್ಗರಿಸುವುದು ಇದರ ನಂತರ. ಸಾಮಾನ್ಯ ಮೂರು ತಂತಿಯ ಸೆನ್ಸರಿನಲ್ಲಿ ಕಂದು 24 ವೋಲ್ಟ್, ನೀಲಿ 0 ವೋಲ್ಟ್, ಕಪ್ಪು ಸಂಕೇತ. ಸೆನ್ಸರ್ ಪಿಎನ್‌ಪಿ (ವಸ್ತು ಕಂಡಾಗ ಕಪ್ಪು ತಂತಿಗೆ 24 ವೋಲ್ಟ್ ಕೊಡುವ ಬಗೆ) ಆಗಿದ್ದರೆ ಕಪ್ಪು ತಂತಿ ಆಪ್ಟೋ ಇನ್‌ಪುಟ್ ಪಿನ್ನಿಗೆ, ಆಪ್ಟೋ ಗ್ರೌಂಡ್ ಪಿನ್ ನೀಲಿಯ 0 ವೋಲ್ಟಿಗೆ. ಈ ಎರಡನೆಯ ತಂತಿಯನ್ನೇ ಬಿಟ್ಟುಬಿಡುತ್ತಾರೆ. ಕೇಳಿದರೆ, ‘ಯುಎಸ್‌ಬಿಯಲ್ಲಿ ಗ್ರೌಂಡ್ ಇದೆಯಲ್ಲ’ ಎನ್ನುತ್ತಾರೆ. ಆಪ್ಟೋದ ಒಳಗಿರುವುದು ಒಂದು ಎಲ್‌ಇಡಿ. ಒಳಹೊಕ್ಕ ಕರೆಂಟ್ ಹೊರಬರಲು ದಾರಿ ಬೇಕು, ಆ ದಾರಿ ಯುಎಸ್‌ಬಿಯಿಂದ ಬೇರೆಯಾಗಿರಲೆಂದೇ ಆಪ್ಟೋ ಇಟ್ಟಿರುವುದು.

ಎನ್‌ಪಿಎನ್ ಸೆನ್ಸರ್ ತಾನಾಗಿ ವೋಲ್ಟೇಜ್ ಕೊಡುವುದಿಲ್ಲ, ಸಂಕೇತವನ್ನು 0 ವೋಲ್ಟಿಗೆ ಎಳೆಯುತ್ತದೆ ಅಷ್ಟೆ. ಅದಕ್ಕೆ 24 ವೋಲ್ಟಿನಿಂದ ಕಪ್ಪು ತಂತಿಗೆ ಪುಲ್‌ಅಪ್ ರೆಸಿಸ್ಟರ್ (ಸೆನ್ಸರ್ ಎಳೆಯದಿದ್ದಾಗ ತಂತಿಯನ್ನು ಮೇಲಿನ ವೋಲ್ಟೇಜಿನಲ್ಲಿಡುವ ರೋಧಕ) ಬೇಕು. ಆಗ ಸಂಕೇತವೂ ತಲೆಕೆಳಗು. ಈ ಗೋಜೇ ಬೇಡ, ಪಿಎನ್‌ಪಿಯನ್ನೇ ಕೊಳ್ಳಿ. ನಡುವೆ ಅಗ್ಗದ ರಿಲೇ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್) ಸೇರಿಸುವ ಅಡ್ಡದಾರಿಯೂ ಬೇಡ: ಅದರ ಸಂಪರ್ಕ ಅದುರಿ ಒಂದು ಬಾಟಲಿಗೆ ಮೂರು ಚಿತ್ರ ಬರುತ್ತವೆ.

ಸೆನ್ಸರಿನ ಮುಂದೆ ಕೈ ಹಿಡಿದು, ಇನ್‌ಪುಟ್ ಮತ್ತು ಆಪ್ಟೋ ಗ್ರೌಂಡ್ ಪಿನ್ನುಗಳ ನಡುವೆ ಅಳೆಯಿರಿ. ಪಿಎನ್‌ಪಿಯಲ್ಲಿ ಸೊನ್ನೆಯ ಆಸುಪಾಸಿನಿಂದ 24ರ ಹತ್ತಿರಕ್ಕೆ ಜಿಗಿದರೆ ತಂತಿಯ ಕೆಲಸ ಮುಗಿಯಿತು.

ಉಳಿದದ್ದು ಕ್ಯಾಮೆರಾದ ಸಾಫ್ಟ್‌ವೇರಿನಲ್ಲಿ ಐದು ನಿಮಿಷದ ಮಾತು. ಟ್ರಿಗರ್ ಸೆಲೆಕ್ಟರ್ ‘ಫ್ರೇಮ್ ಸ್ಟಾರ್ಟ್’, ಮೋಡ್ ‘ಆನ್’, ಸೋರ್ಸ್ ನೀವು ಜೋಡಿಸಿದ ಲೈನ್, ಆಕ್ಟಿವೇಶನ್ ‘ರೈಸಿಂಗ್ ಎಡ್ಜ್’ (ಸಂಕೇತ ಮೇಲೇರುವ ಕ್ಷಣ). ಸೆಲೆಕ್ಟರನ್ನೇ ಮೊದಲು ಆರಿಸಿ, ಇಲ್ಲದಿದ್ದರೆ ಮಿಕ್ಕವು ಬೇರೆ ಟ್ರಿಗರಿಗೆ ಅಂಟಿಕೊಳ್ಳುತ್ತವೆ. ಡಿಬೌನ್ಸರ್ (ಸಂಕೇತದ ಕ್ಷಣಿಕ ಅದುರುಗಳನ್ನು ಕಡೆಗಣಿಸುವ ಸೆಟ್ಟಿಂಗ್) ಇದ್ದರೆ ಅದರ ಅವಧಿ ಸಂಕೇತಕ್ಕಿಂತ ಚಿಕ್ಕದಿರಲಿ. ದೊಡ್ಡದಾದರೆ ಸಂಕೇತವನ್ನೇ ನುಂಗುತ್ತದೆ. ಎಲ್ಲವನ್ನೂ ಕ್ಯಾಮೆರಾದೊಳಗೇ ಸೆಟ್ಟಿಂಗುಗಳನ್ನು ಇಡುವ ಯೂಸರ್ ಸೆಟ್‌ನಲ್ಲಿ ಉಳಿಸಿ, ಅದನ್ನೇ ಆರಂಭದ ಸೆಟ್ ಎಂದು ಗುರುತಿಸಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಮತ್ತೆ ಮೊದಲಿನಿಂದ.

ಕೊನೆಗೆ ನೂರು ಬಾಟಲಿ ಓಡಿಸಿ ಚಿತ್ರಗಳನ್ನು ಎಣಿಸಿ. ಕಡಿಮೆ ಬಂದರೆ, ಕ್ಯಾಮೆರಾ ಹಿಂದಿನ ಚಿತ್ರದಲ್ಲಿ ತೊಡಗಿದ್ದಾಗ ಬಂದ ಟ್ರಿಗರನ್ನು ಕೈಬಿಟ್ಟಿರಬಹುದು. 20 ಮಿಲಿಸೆಕೆಂಡ್ ಎಕ್ಸ್‌ಪೋಶರ್ (ಒಂದು ಚಿತ್ರಕ್ಕೆ ಬೆಳಕು ಹಿಡಿಯುವ ಅವಧಿ) ಇಟ್ಟರೆ ಸೆಕೆಂಡಿಗೆ 50 ಚಿತ್ರಗಳ ಮೇಲೆ ಹೋಗಲಾಗದು. ಎಕ್ಸ್‌ಪೋಶರ್ ಇಳಿಸಿ, ದೀಪದ ಬೆಳಕು ಏರಿಸಿ, ಮತ್ತೆ ಎಣಿಸಿ.