ನಾಣ್ಯ ಹುಡುಕುವ ಡಿಟೆಕ್ಟರ್: ಕೊಳ್ಳುವ ಮುನ್ನ ನಿಮ್ಮ ತೋಟದ ಮಣ್ಣಿನಲ್ಲೇ ಪರೀಕ್ಷಿಸಿ

ಮೆಟಲ್ ಡಿಟೆಕ್ಟರ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು 'ಎಷ್ಟು ಆಳದವರೆಗೆ ಹಿಡಿಯುತ್ತೆ?' ಎಂದು. ಚಿಕ್ಕಮಗಳೂರಿನವರು ಮೊದಲು ಕೇಳಬೇಕಾದದ್ದು ಬೇರೆ: ನಮ್ಮ ಕೆಂಪು ಮಣ್ಣಿನಲ್ಲಿ ಇದು ಸುಮ್ಮನಿರುತ್ತದೆಯೇ? ಬಾಬಾಬುಡನ್‌ಗಿರಿ ಸಾಲಿನಲ್ಲಿ ಕಬ್ಬಿಣದ ಅದಿರಿದೆ. ಕೆಮ್ಮಣ್ಣುಗುಂಡಿಯ ಅದಿರು ಒಂದು ಕಾಲಕ್ಕೆ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಇಂಥ ಕಡೆ ಅಗ್ಗದ ಡಿಟೆಕ್ಟರ್ ನಾಣ್ಯವಿರಲಿ ಇಲ್ಲದಿರಲಿ, ಹೆಜ್ಜೆಹೆಜ್ಜೆಗೂ ಕೂಗುತ್ತದೆ.

ಅದು ಕೆಲಸ ಮಾಡುವ ಬಗೆ ಹೀಗಿದೆ. ಕೆಳಗಿನ ತಟ್ಟೆಯಂಥ ಕಾಯಿಲ್ ಮಣ್ಣಿನೊಳಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳ ಪ್ರತಿಕ್ರಿಯೆಯನ್ನು ಕಾಯಿಲ್ ಹಿಡಿದು ಶಬ್ದ ಮಾಡುತ್ತದೆ. ಕಬ್ಬಿಣದ ಅಂಶವಿರುವ ಮಣ್ಣೂ ಪ್ರತಿಕ್ರಿಯೆ ಕೊಡುತ್ತದೆ. ಮಣ್ಣಿನ ಸದ್ದನ್ನು ಕಳೆದು ನಾಣ್ಯದ ಸದ್ದನ್ನಷ್ಟೇ ಉಳಿಸುವ ಸೌಲಭ್ಯಕ್ಕೆ ಗ್ರೌಂಡ್ ಬ್ಯಾಲೆನ್ಸ್ ಎನ್ನುತ್ತಾರೆ. ಕಾರ್ಖಾನೆಯಲ್ಲೇ ಒಂದು ಮಟ್ಟಕ್ಕೆ ಕೂರಿಸಿ, ಬದಲಿಸಲು ಬಾರದಂತೆ ಮಾಡಿದ ಮಾದರಿಗಳಿವೆ. ಮಲೆನಾಡಿನವರು ಅವನ್ನು ಕೊಳ್ಳಬೇಡಿ. ಕೈಯಿಂದಲೂ ತಾನಾಗಿಯೂ ಹೊಂದಿಸಿಕೊಳ್ಳುವಂಥದ್ದೇ ಬೇಕು.

ಕೊಳ್ಳುವ ಮುಂಚೆ ತೋಟದ ಮಣ್ಣನ್ನು ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ. ಪ್ಲಾಸ್ಟಿಕ್ ಬೇಸಿನ್‌ಗೆ ಸುರಿದು, ಕಾಯಿಲನ್ನು ಒಂದಡಿ ಎತ್ತರದಿಂದ ಮಣ್ಣಿನ ಹತ್ತಿರಕ್ಕೆ ಮೆಲ್ಲಗೆ ಇಳಿಸಿ, ಮತ್ತೆ ಎತ್ತಿ. ಗ್ರೌಂಡ್ ಬ್ಯಾಲೆನ್ಸ್ ಒತ್ತಿ ನಾಲ್ಕಾರು ಸಲ ಹೀಗೆ ಮಾಡಿದ ಮೇಲೆ ಶಬ್ದ ಸಮವಾಗಬೇಕು. ಆಗಲೂ ಏರಿಳಿಯುತ್ತಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಸಮವಾದರೆ ಬೇಸಿನ್ನಿನ ತಳದಲ್ಲಿ ನಾಣ್ಯ ಹೂತು ನೋಡಿ. ಬೇಸಿನ್ ಇಡುವ ಜಾಗದ ಕೆಳಗೆ ಕಬ್ಬಿಣದ ಸರಳು, ಮೇಜಿನ ಮೊಳೆ ಇರಬಾರದು.

ಯಾವ ನಾಣ್ಯ ಒಯ್ಯಬೇಕು ಎಂಬುದಕ್ಕೆ ಸ್ವಲ್ಪ ಯೋಚನೆ ಬೇಕು. ಪರದೆಯ ಮೇಲೆ ಬರುವ ಸಂಖ್ಯೆ ಲೋಹದ ಗುಣ ಮತ್ತು ಗಾತ್ರವನ್ನು ಸೂಚಿಸುತ್ತದೆ, ಆದರೆ ಅದರ ಕೋಷ್ಟಕಗಳು ಹೆಚ್ಚಾಗಿ ಅಮೆರಿಕ, ಯೂರೋಪಿನ ನಾಣ್ಯಗಳಿಗೆ ಹೊಂದಿಸಿದಂಥವು. ನಮ್ಮ ಒಂದು ರೂಪಾಯಿ ನಾಣ್ಯ 1992ರಿಂದ ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನದು. 'ಕಬ್ಬಿಣ ಬೇಡ' ಎಂದು ಹೊಂದಿಸಿದರೆ ಅದೂ ತುಕ್ಕು ಮೊಳೆಯ ಜೊತೆಗೇ ಕಾಣದೆ ಹೋಗಬಹುದು. ಐದು ಪೈಸೆ, ಹತ್ತು ಪೈಸೆಯ ಅಲ್ಯೂಮಿನಿಯಂ ನಾಣ್ಯಗಳು ಮಾತ್ರೆ ಹಾಳೆಯ ಚೂರಿನ ಹತ್ತಿರದ ಸಂಖ್ಯೆ ತೋರಿಸಬಹುದು. 1939ರವರೆಗಿನ ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ, 11.66 ಗ್ರಾಂ ತೂಕದ್ದು, ದೊಡ್ಡ ಸಂಖ್ಯೆ ತೋರಿಸಿ ಗಟ್ಟಿಯಾಗಿ ಕೂಗುತ್ತದೆ. ಮನೆಯಲ್ಲಿರುವ ತೂತು ಕಾಸು, ನಯಾ ಪೈಸೆ, ಅಲ್ಯೂಮಿನಿಯಂ ಬಿಲ್ಲೆ, ಈಗಿನ ರೂಪಾಯಿ, ಎಲ್ಲವನ್ನೂ ಒಂದೊಂದಾಗಿ ಕಾಯಿಲ್ ಕೆಳಗೆ ಆಡಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಯಂತ್ರದ ಜೊತೆ ಬರುವ ಪುಸ್ತಕಕ್ಕಿಂತ ಈ ಚೀಟಿಯೇ ನಿಮ್ಮ ಕೈಹಿಡಿಯುತ್ತದೆ.

ಫ್ರೀಕ್ವೆನ್ಸಿ, ಅಂದರೆ ಕಾಯಿಲಿನ ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ಅದಲುಬದಲಾಗುತ್ತದೆ ಎಂಬ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಾಧಾರಣ ನಾಣ್ಯಗಳಿಗೆ 5ರಿಂದ 15 ಕಿಲೋಹರ್ಟ್ಸ್ ಸಾಕು. ಗ್ಯಾರೆಟ್ ಏಸ್ 400 ಮಾದರಿಯದು 10, ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್‌ನದು 12. ಅಂಗೈ ಮೇಲೆ ಕಾಳಿನಷ್ಟು ಕಾಣುವ, 'ಹಣ' ಎಂಬ ಹಳೆಯ ಚಿನ್ನದ ನಾಣ್ಯದಂಥ ಪುಟ್ಟ ವಸ್ತುವಿಗೆ ಮಾತ್ರ ಹೆಚ್ಚಿನ ಫ್ರೀಕ್ವೆನ್ಸಿ ಮೇಲು. ಕಾಯಿಲ್ 'ಡಬಲ್ ಡಿ' ಇರಲಿ, ಅಂದರೆ ಒಳಗೆ ಇಂಗ್ಲಿಷಿನ D ಆಕಾರದ ಎರಡು ಸುರುಳಿಗಳಿರುವಂಥದ್ದು; ಕಬ್ಬಿಣದ ಮಣ್ಣಿನಲ್ಲಿ ಅದು ಸಮಾಧಾನದಿಂದಿರುತ್ತದೆ. ಕಾಫಿ ಗಿಡಗಳ ನಡುವೆ ಆಡಿಸಲು ಆರಿಂಚಿನದು ಅನುಕೂಲ, ಬಯಲಿಗೆ ಹನ್ನೊಂದಿಂಚಿನದು. ಸೋಲಾರ್ ಬೇಲಿ, ಪಂಪ್‌ಸೆಟ್ ಹತ್ತಿರ ಡಿಟೆಕ್ಟರ್ ಗೊಣಗುತ್ತದೆ. ಆಗ ಸೆನ್ಸಿಟಿವಿಟಿ ತಗ್ಗಿಸಿ.

ಆಳದ ಮಾತಿಗೆ ಬಂದರೆ, ಒಂದು ನಾಣ್ಯ ಒಂದು ಗೇಣಿನ ಆಳದಲ್ಲಿ ಸ್ಪಷ್ಟವಾಗಿ ಸಿಕ್ಕರೆ ಅದು ಒಳ್ಳೆಯ ಯಂತ್ರ. ದೂರದಿಂದಲೇ ಚಿನ್ನದ ದಿಕ್ಕು ತೋರಿಸುತ್ತದೆ ಎಂದು ಆಂಟೆನಾ ಕಡ್ಡಿ ಮಾರಲು ಬರುವವರನ್ನು ಹತ್ತಿರ ಸೇರಿಸಬೇಡಿ. ಇದೇ ಬಗೆಯ ಆಂಟೆನಾ ಕಡ್ಡಿಯನ್ನು ಎಡಿಇ 651 ಎಂಬ ಹೆಸರಲ್ಲಿ ಬಾಂಬ್ ಪತ್ತೆ ಯಂತ್ರವೆಂದು ಮಾರಿದವನಿಗೆ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ ಹತ್ತು ವರ್ಷ ಜೈಲು ವಿಧಿಸಿತು.

ಚಾರ್ಮಾಡಿ ಘಾಟಿ ಇಳಿದು ಮಲ್ಪೆಗೋ ಪಣಂಬೂರಿಗೋ ಹೋಗುವವರಿಗೆ ಲೆಕ್ಕವೇ ಬೇರೆ. ಒಣ ಮರಳಿನಲ್ಲಿ ಎಲ್ಲ ಡಿಟೆಕ್ಟರುಗಳೂ ನಡೆಯುತ್ತವೆ. ಅಲೆ ಒದ್ದೆ ಮಾಡಿದ ಮರಳಿನಲ್ಲಿ ಉಪ್ಪುನೀರು ವಿದ್ಯುತ್ತನ್ನು ಹರಿಯಬಿಡುವುದರಿಂದ ಒಂದೇ ಫ್ರೀಕ್ವೆನ್ಸಿಯ ಯಂತ್ರ ಸುಳ್ಳು ಸದ್ದು ಮಾಡುತ್ತದೆ. ಅಲ್ಲಿಗೆ ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿ ಬಳಸುವ ಮಾದರಿ ಬೇಕು. ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಆ ಬಗೆಯದು, ಮೂರು ಮೀಟರ್ ನೀರಿನವರೆಗೆ ತಡೆಯುತ್ತದೆ. ಪಲ್ಸ್ ಇಂಡಕ್ಷನ್ ಎಂಬ ಇನ್ನೊಂದು ಬಗೆ ಉಪ್ಪಿಗೂ ಕಪ್ಪು ಮರಳಿಗೂ ಜಗ್ಗುವುದಿಲ್ಲ, ಆದರೆ ಮೊಳೆ ಯಾವುದು ನಾಣ್ಯ ಯಾವುದು ಎಂದು ಹೇಳುವುದರಲ್ಲಿ ದುರ್ಬಲ. ವರ್ಷಕ್ಕೊಮ್ಮೆ ಕಡಲಿಗೆ ಹೋಗುವವರು ಇಂಥ ಯಂತ್ರಗಳಿಗೆ ದುಡ್ಡು ಹಾಕುವುದು ದಂಡ. ಹೇಮಾವತಿ, ಯಗಚಿ ಹಿನ್ನೀರಿನ ದಡದಲ್ಲಿ ಉಪ್ಪಿನ ತೊಂದರೆಯಿಲ್ಲ. ಕಾಯಿಲಿಗೆ ನೀರು ತಾಗದ ರಕ್ಷಣೆ ಇದ್ದರೆ ಸಾಕು, ಜಲಾಶಯದ ಜಾಗಕ್ಕೆ ಮಾತ್ರ ಇಲಾಖೆಯ ಅನುಮತಿ ಬೇಕು.

ಎಲ್ಲಕ್ಕಿಂತ ಗಂಭೀರ ವಿಷಯ, ಎಲ್ಲಿ ಹುಡುಕುತ್ತೀರಿ ಎಂಬುದು. ನಿಧಿಯಾಸೆಗೆ ಗುಡಿಗಳ ಗರ್ಭಗುಡಿ ಅಗೆದವರಿಂದ ನಮ್ಮ ಊರುಗಳು ಎಷ್ಟೋ ಕಳೆದುಕೊಂಡಿವೆ. ಬೇಲೂರು, ಹಳೇಬೀಡು 2023ರಿಂದ ವಿಶ್ವ ಪರಂಪರೆಯ ತಾಣಗಳು. ಅಲ್ಲಿ ಮಾತ್ರವಲ್ಲ, ಪಾಳುಬಿದ್ದ ಸಣ್ಣ ಗುಡಿ, ವೀರಗಲ್ಲು, ಕೋಟೆಯ ದಿಬ್ಬದ ಬಳಿಗೂ ಡಿಟೆಕ್ಟರ್ ಒಯ್ಯಬೇಡಿ. ಸಂರಕ್ಷಿತ ಸ್ಥಳದಲ್ಲಿ ಪರವಾನಗಿಯಿಲ್ಲದೆ ಅಗೆಯುವುದು ಅಪರಾಧ. ಭದ್ರಾ, ಕುದುರೆಮುಖದ ಕಾಡುಗಳಿಗೂ ಕಾಲಿಡಬೇಡಿ. ಮೇಲೆ ಹೇಳಿದ ಕಡಲತೀರ, ಹಿನ್ನೀರಿನ ದಡ ಬಿಟ್ಟರೆ ಸ್ವಂತ ತೋಟ, ಅಥವಾ ಒಪ್ಪಿಗೆ ಕೊಟ್ಟವರ ಜಮೀನು, ಇಷ್ಟೇ ನಿಮ್ಮ ಸೀಮೆ.

ಸದ್ದು ಬಂದಾಗ ಕಾಯಿಲನ್ನು ಅಡ್ಡಲಾಗಿ, ಉದ್ದವಾಗಿ ಎರಡೂ ದಿಕ್ಕಿನಲ್ಲಿ ಆಡಿಸಿ ಜಾಗ ಗೊತ್ತುಮಾಡಿ. ಮಣ್ಣಿನ ಹೆಂಟೆಯನ್ನು ಮೂರು ಕಡೆ ಕತ್ತರಿಸಿ ಮುಚ್ಚಳದ ಹಾಗೆ ಮಗುಚಿ. ಗುಂಡಿಯೊಳಗೆ ಹುಡುಕಲು ಕಡ್ಡಿಯಂಥ ಪಿನ್‌ಪಾಯಿಂಟರ್ ಇದ್ದರೆ ಅಗೆತ ಅರ್ಧ ಕಡಿಮೆಯಾಗುತ್ತದೆ. ಕಾಫಿಯ ಆಹಾರ ಹೀರುವ ಬೇರುಗಳು ಮೇಲುಮಣ್ಣಿನಲ್ಲೇ ಹರಡಿರುತ್ತವೆ, ಆದ್ದರಿಂದ ಬುಡದ ಹತ್ತಿರ ಅಗೆಯಬೇಡಿ. ಹೆಂಟೆಯನ್ನು ಇದ್ದಲ್ಲೇ ಕೂರಿಸಿ ತುಳಿದು ಬನ್ನಿ.

ನಾಣ್ಯ ಹಳೆಯದೆನಿಸಿದರೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಅಕ್ಷರ ಸವೆಯುತ್ತದೆ, ಜೊತೆಗೆ ಮೌಲ್ಯವೂ ಹೋಗುತ್ತದೆ. ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿದರೆ ಸಾಕು. ನೂರು ವರ್ಷ ಮೀರಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು, ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಗಡಿಗೆಯೋ ಗಂಟೋ ಸಿಕ್ಕರೆ ಮುಂದೆ ಅಗೆಯದೆ, ಸಿಕ್ಕ ಜಾಗ ಮತ್ತು ಆಳ ಬರೆದುಕೊಂಡು ಫೋಟೊ ತೆಗೆದು ಜಿಲ್ಲಾಧಿಕಾರಿಗಳಿಗೆ ತಿಳಿಸಿ. 1962ರ ಕರ್ನಾಟಕ ನಿಧಿ ಕಾಯ್ದೆ ಇರುವುದೇ ಅದಕ್ಕೆ.